ಗ್ರಿಡ್ ಬಿಟ್ಟು ಬದುಕಲು ಎಷ್ಟು ದುಡ್ಡು ಬೇಕು? ನಮ್ಮ ಅನುಭವ

ಇನ್ನೆರಡು ವರ್ಷದಲ್ಲಿ ಊರಾಚೆ ಜಾಗ ತಗೊಂಡು, ಗ್ರಿಡ್ ಅಂದರೆ ಊರಿನ ಕರೆಂಟ್ ಲೈನ್ ಇಲ್ಲದೆ, ಸೋಲಾರ್ ಮತ್ತು ಮಳೆನೀರು ನೆಚ್ಚಿಕೊಂಡು ಇರಬೇಕು ಅಂತಿದ್ದೀರಿ, ಕೈಯಲ್ಲಿ ಎಷ್ಟು ದುಡ್ಡಿರಬೇಕು ಅಂತ ಕೇಳಿದ್ದೀರಿ. ನಾವು ಹಾಗೆ ಇರಲು ಶುರು ಮಾಡಿ ಕೆಲವು ವರ್ಷಗಳಾದವು. ಮೊದಲ ಖರ್ಚನ್ನು ಎಲ್ಲರೂ ಹೇಗೋ ಹೊಂದಿಸುತ್ತಾರೆ. ಆಮೇಲೆ ಬರುವ ಖರ್ಚಿಗೆ ದುಡ್ಡು ಎತ್ತಿಟ್ಟಿರುವುದಿಲ್ಲ. ನಿಜವಾದ ತಯಾರಿ ಬೇಕಿರುವುದು ಅಲ್ಲಿ.

ಬ್ಯಾಟರಿಯನ್ನೇ ನೋಡಿ. ಸೋಲಾರ್ ಪ್ಯಾನಲ್ 25 ವರ್ಷ ಆರಾಮಾಗಿ ಬಾಳುತ್ತದೆ, ಅದರ ಚಿಂತೆ ಬೇಡ. ಲೆಡ್ ಆಸಿಡ್ ಬ್ಯಾಟರಿ ದಿನಾ ದುಡಿದರೆ ಸಾಮಾನ್ಯವಾಗಿ 3ರಿಂದ 5 ವರ್ಷ. ಚಾರ್ಜನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಇನ್ನೂ ಬೇಗ ಕೈಕೊಡುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಬಗೆಯ ಬ್ಯಾಟರಿ ಆದರೆ ದಿನಾ ಚಾರ್ಜಿನ ನೂರಕ್ಕೆ 80ರಷ್ಟು ಬಳಸಿದರೂ 10 ವರ್ಷದ ಆಸುಪಾಸು ಬರುತ್ತದೆ, ಆದರೆ ಶುರುವಿನಲ್ಲಿ ಜಾಸ್ತಿ ಹಾಕಬೇಕು. ಅಂಗಡಿಯ ರೇಟು ಮಾತ್ರ ನೋಡಬೇಡಿ, ವರ್ಷಕ್ಕೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ. ನಾವು ಹೊಸ ಬ್ಯಾಟರಿಯ ಬೆಲೆಯನ್ನು ಅದು ಬಾಳುವ ತಿಂಗಳುಗಳಿಗೆ ಹಂಚಿ, ಅಷ್ಟು ದುಡ್ಡನ್ನು ತಿಂಗಳು ಹುಟ್ಟುತ್ತಲೇ ಬೇರೆ ಖಾತೆಗೆ ಹಾಕುತ್ತೇವೆ. ಅದೇ ಈಗ ನಮ್ಮ ಕರೆಂಟ್ ಬಿಲ್. ಇನ್ವರ್ಟರ್‌ಗೂ ನೀರಿನ ಪಂಪಿಗೂ ಹೀಗೇ.

ಇನ್ನೊಂದು, ಈಗಿನ ಬಿಲ್ ನೋಡಿ ಸೋಲಾರ್ ಕೊಳ್ಳಬೇಡಿ. ಮೊದಲು ಬಳಕೆ ಇಳಿಸಿ. 2000 ವಾಟ್‌ನ ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್ ಖಾಲಿ. ಅದೇ ಒಂದು ಯೂನಿಟ್ಟಿನಲ್ಲಿ 9 ವಾಟ್‌ನ ಎಲ್‌ಇಡಿ ಬಲ್ಬು 100 ಗಂಟೆಗೂ ಮೀರಿ ಉರಿಯುತ್ತದೆ! ನೀರು ಕಾಯಿಸುವುದು, ಅಡುಗೆ, ಇಸ್ತ್ರಿ ಇವನ್ನು ಬ್ಯಾಟರಿಯಿಂದ ಹೊರಗಿಟ್ಟರೆ ಕೊಳ್ಳಬೇಕಾದ ಸಾಮಾನೇ ಎಷ್ಟೋ ಕಡಿಮೆಯಾಗುತ್ತದೆ. ಉಳಿತಾಯ ಶುರುವಾಗುವುದೇ ಇಲ್ಲಿಂದ.

ಸಾಲ ಇಟ್ಟುಕೊಂಡು ಮಾತ್ರ ಹೋಗಬೇಡಿ. ನಮ್ಮ ಪಕ್ಕದ ಜಮೀನಿಗೆ ಬಂದ ದಂಪತಿ ಕಷ್ಟಪಟ್ಟು ದುಡಿಯುವವರು, ಮನೆಯನ್ನೂ ಚೆನ್ನಾಗಿ ಕಟ್ಟಿಕೊಂಡಿದ್ದರು. ಆದರೆ ಆದಾಯ ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ಇಲ್ಲ, ಕಂತು ಮಾತ್ರ ತಪ್ಪದೆ ಬರುತ್ತಿತ್ತು. ಕೊನೆಗೆ ಮಾರಿ ಹೋದರು. ನೋಡಿ ನಮಗೂ ಸಂಕಟವಾಯಿತು. ಕಂತೆಲ್ಲ ತೀರಿಸಿ, ಒಂದು ವರ್ಷದ ಮನೆಖರ್ಚು ಬೇರೆಯಾಗಿ ಕೂಡಿಟ್ಟ ಮೇಲೆಯೇ ಕೆಲಸ ಬಿಡಿ. ಆರೋಗ್ಯ ವಿಮೆ ನಿಲ್ಲಿಸಲೇಬೇಡಿ. ಆಸ್ಪತ್ರೆ ದೂರ ಅಲ್ವಾ, ಗಾಡಿ ಖರ್ಚೂ ಏರುತ್ತದೆ.

ನೀರಿಗೆ ಒಂದು ಸುಲಭದ ಲೆಕ್ಕ ಇದೆ. 100 ಚದರ ಮೀಟರ್ ಸೂರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1000 ಲೀಟರ್. ದುಡ್ಡು ಹೋಗುವುದು ಅದನ್ನು ಹಿಡಿದಿಡುವ ತೊಟ್ಟಿಗೆ. ಹಾಗಾಗಿ ಬೇಸಿಗೆಯ ಕೊನೆಯಲ್ಲಿ ಒಮ್ಮೆ ಜಾಗ ನೋಡಿ ಬನ್ನಿ. ಆಗ ಅಲ್ಲಿ ನೀರು ಎಲ್ಲಿಂದ ಬರುತ್ತದೆ, ಮನೆಯಲ್ಲಿ ಎಷ್ಟು ಜನ ಇರುತ್ತೀರಿ ಅಂತ ತಿಳಿಸಿ. ತೊಟ್ಟಿ ಎಷ್ಟು ದೊಡ್ಡದಿರಬೇಕು ಅಂತ ಒಟ್ಟಿಗೆ ಲೆಕ್ಕ ಹಾಕೋಣ.