ಫ್ರಾನ್ಸಿನ ಬೆಟ್ಟದ ಕಡೆಯ ವೈಟ್ ವೈನ್, ನಾಲಿಗೆ ಮೇಲೆ ಚುರುಚುರು ಅನ್ನುತ್ತಿದೆ, ಕೆಟ್ಟಿದೆಯಾ?

ಜಯನಗರ_ಫೋರ್ತ್_ಬ್ಲಾಕ್
ನಮ್ಮ ಭಾವ ಗ್ರೆನೋಬಲ್‌ನಲ್ಲಿ ಕೆಲಸದಲ್ಲಿದ್ದಾರೆ. ಮೊನ್ನೆ ಬೆಂಗಳೂರಿಗೆ ಬಂದಾಗ ಎರಡು ಬಾಟಲಿ ವೈಟ್ ವೈನ್ ಕೊಟ್ಟು ಹೋದರು. ಲೇಬಲ್ ಮೇಲೆ ಪ್ರದೇಶದ ಹೆಸರು ಸವ್ವಾ, ಊರಿನ ಹೆಸರು ಅಪ್ರಮೋಂ ಅಂತ ಇದೆ, ಆಲ್ಕೋಹಾಲ್ 11.5%. ಒಂದನ್ನು ನಿನ್ನೆ ತೆಗೆದೆವು. ಬಣ್ಣ ಹೆಚ್ಚುಕಮ್ಮಿ ನೀರು. ಸೋಡಾದಷ್ಟು ಅಲ್ಲ, ಆದರೆ ನಾಲಿಗೆ ತುದಿಯಲ್ಲಿ ಸಣ್ಣಗೆ ಚುರುಚುರು, ಜೊತೆಗೆ ಹುಳಿ. ಸಿಹಿ ಒಂದು ಚೂರೂ ಇಲ್ಲ. ನಮ್ಮನೆಯವರು ಒಂದು ಗುಟುಕು ಕುಡಿದು ಗ್ಲಾಸ್ ಪಕ್ಕಕ್ಕಿಟ್ಟರು. ಬಾಟಲಿಯೊಳಗೇ ಹುದುಗು ಬಂದಿದೆಯಾ? ಇನ್ನೊಂದನ್ನು ಐದು ವರ್ಷ ಇಟ್ಟರೆ ರುಚಿ ಬರುತ್ತದೆ ಅಂತ ಆಫೀಸಲ್ಲಿ ಒಬ್ಬರು ಹೇಳುತ್ತಾರೆ. ಸದ್ಯಕ್ಕೆ ಅದು ಅಡುಗೆಮನೆ ಅಟ್ಟದಲ್ಲಿದೆ.

ಭಾನುವಾರ_ಮೀನೂಟ
ಮೊದಲು ಅಟ್ಟದಿಂದ ಇಳಿಸಿ ಸಾರ್! ಕೆಳಗೆ ಒಲೆ ಉರಿಯುತ್ತಿರುತ್ತದೆ, ಏಪ್ರಿಲ್ ಬಿಸಿಲು ಬೇರೆ.

ಕೆಟ್ಟಿಲ್ಲ. ಈ ವೈನ್ ಇರುವುದೇ ಹಾಗೆ. ಹುದುಗು ಮುಗಿದ ಮೇಲೆ ಯೀಸ್ಟ್ ತಳದಲ್ಲಿ ಕೂರುತ್ತದೆ, ಎಷ್ಟೋ ಜನ ತಯಾರಕರು ಚಳಿಗಾಲ ಪೂರ್ತಿ ವೈನನ್ನು ಅದರ ಮೇಲೇ ಬಿಟ್ಟು, ಜಾಸ್ತಿ ಅಲ್ಲಾಡಿಸದೆ ಬಾಟಲಿಗೆ ತುಂಬುತ್ತಾರೆ, ಹಾಗಾಗಿ ಹುದುಗುವಾಗ ಹುಟ್ಟಿದ ಗ್ಯಾಸ್ ಸ್ವಲ್ಪ ಒಳಗೇ ಉಳಿದುಬಿಡುತ್ತದೆ, ಆ ಚುರುಚುರು ಅದರದ್ದೇ. ನಿಜವಾಗಿ ಕೆಟ್ಟಿದ್ದರೆ ವೈನ್ ಕದಡಿರುತ್ತದೆ, ಇಲ್ಲ ವಿನೆಗರ್ ಅಥವಾ ನೇಲ್ ಪಾಲಿಶ್ ವಾಸನೆ ಹೊಡೆಯುತ್ತದೆ. ನಿಮ್ಮದರಲ್ಲಿ ಅದೇನೂ ಇಲ್ಲ ಅಲ್ವಾ?

ದ್ರಾಕ್ಷಿಯ ಹೆಸರು ಜಾಕೇರ್. ಹಗುರ, ಹುಳಿ, ಕಡಿಮೆ ಆಲ್ಕೋಹಾಲ್. ಒಂದೆರಡು ವರ್ಷದೊಳಗೆ ಕುಡಿಯುವ ವೈನ್ ಇದು. ಐದು ವರ್ಷ ಇಟ್ಟರೆ ಆ ತಾಜಾತನ ಹೋಗುತ್ತದೆ, ಅದು ಹೋದರೆ ಇದರಲ್ಲಿ ಮತ್ತೇನೂ ಇಲ್ಲ. ಫ್ರಿಜ್ಜಿನಲ್ಲಿಟ್ಟು, ಈ ಭಾನುವಾರವೇ ಕಾಣೆ ರವಾ ಫ್ರೈ ಮಾಡಿ ತೆಗೆಯಿರಿ. ಮೀನಿಗೆ ನಿಂಬೆಹಣ್ಣು ಹಿಂಡುವುದೇ ಬೇಡ. ನಾಟಿಕೋಳಿ ಸಾರಿನ ಜೊತೆ ಮಾತ್ರ ಬೇಡ, ಮಸಾಲೆ ಮುಂದೆ ಇದು ಪತ್ತೆಯೇ ಇರುವುದಿಲ್ಲ.

ದೊಡ್ಡಬಳ್ಳಾಪುರದ_ದ್ರಾಕ್ಷಿ
ಆ ಜಾಗದ ಕಥೆ ಕೇಳಿದರೆ ಬಾಟಲಿ ಮೇಲೆ ಗೌರವ ಬರುತ್ತದೆ. ಷಾಂಬೆರಿ ಊರಿನ ಹತ್ತಿರ ಮೋಂ ಗ್ರಾನಿಯೆ ಅಂತ ಬೆಟ್ಟ, 1933 ಮೀಟರ್. 1248ರ ನವೆಂಬರಿನ ಒಂದು ರಾತ್ರಿ ಅದರ ಒಂದು ಮಗ್ಗುಲೇ ಕುಸಿದು ಕೆಳಗಿನ ಹಳ್ಳಿಗಳನ್ನು ಮುಚ್ಚಿಹಾಕಿತು. ಆ ಸುಣ್ಣಕಲ್ಲಿನ ರಾಶಿಯ ಮೇಲೇ ಇವತ್ತಿನ ಅಪ್ರಮೋಂ ಮತ್ತು ಪಕ್ಕದ ಅಬಿಮ್ ತೋಟಗಳಿರುವುದು.

ಬೆಟ್ಟದ ವೈನ್ ಅಂದ ತಕ್ಷಣ ಮಂಜಿನ ಶಿಖರ ಅಂದುಕೊಳ್ಳಬೇಡಿ. ಆ ತೋಟಗಳು ಬೆಟ್ಟದ ಬುಡದಲ್ಲಿವೆ. ಎತ್ತರ ನೋಡಿದರೆ ನಮ್ಮ ಬೆಂಗಳೂರೇ ಮೇಲೆ, 900 ಮೀಟರ್ ದಾಟಿದೆ. ವ್ಯತ್ಯಾಸ ಇರುವುದು ಚಳಿಯಲ್ಲಿ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಹಣ್ಣು ಮಾಗುವಾಗ ರಾತ್ರಿ ತಂಪಿರುವುದರಿಂದ ಹುಳಿ ಉಳಿಯುತ್ತದೆ. ನಮ್ಮ ಕಡೆ ಬಳ್ಳಿಗೆ ನಿದ್ದೆಯೇ ಇಲ್ಲ. ನಾವೇ ವರ್ಷಕ್ಕೆ ಎರಡು ಸಲ ಪ್ರೂನಿಂಗ್ ಮಾಡಿ, ಮಳೆ ತಪ್ಪಿಸಿ, ಫೆಬ್ರವರಿ ಮಾರ್ಚ್ ಹೊತ್ತಿಗೆ ಕೊಯ್ಯುತ್ತೇವೆ. ಬಿಸಿಲಿಗೆ ಸಕ್ಕರೆ ಸಲೀಸಾಗಿ ಬರುತ್ತದೆ, ಹುಳಿ ಹಿಡಿದಿಡುವುದೇ ಕಷ್ಟ.

ಚೀಸ್_ಪ್ರಿಯೆ
ಕಥೆ ಚೆನ್ನಾಗಿದೆ, ಆದರೆ ವೈನ್ ತೆಳು ಅನ್ನುವುದೂ ನಿಜ, ಸುಮ್ನೆ ಹೊಗಳಬೇಡಿ. ಅಲ್ಲಿಯವರು ಇದನ್ನು ಫಾಂಡ್ಯೂ (ಕರಗಿಸಿದ ಚೀಸಿಗೆ ಬ್ರೆಡ್ ಅದ್ದಿ ತಿನ್ನುವುದು) ಜೊತೆ ಕುಡಿಯುತ್ತಾರೆ, ಚೀಸ್ ಕರಗಿಸುವಾಗ ಪಾತ್ರೆಗೂ ಸುರಿಯುತ್ತಾರೆ. ಅಷ್ಟು ಜಿಡ್ಡಿನ ಮುಂದೆ ಈ ಹುಳಿ ಬೇಕೇ ಬೇಕು. ಬರೀ ಗ್ಲಾಸಿಗೆ ಹಾಕಿ ಟಿವಿ ಮುಂದೆ ಕೂತರೆ ನಿಮ್ಮ ಮನೆಯವರು ಮಾಡಿದ್ದೇ ಸರಿ.

ಜಯನಗರ_ಫೋರ್ತ್_ಬ್ಲಾಕ್
ಇಳಿಸಿ ಫ್ರಿಜ್ಜಿಗೆ ಹಾಕಿದ್ದೇನೆ. ಮುಂದಿನ ಸಲ ಭಾವನಿಗೆ ಏನು ತರಲು ಹೇಳಲಿ? ಇಷ್ಟು ತೆಳು ಅಲ್ಲದ್ದು, ಸ್ವಲ್ಪ ಮೈ ಇರುವಂಥದ್ದು.

ಚೀಸ್_ಪ್ರಿಯೆ
ಅದೇ ಸವ್ವಾದ ಷಿನ್ಯಾಂ-ಬೆರ್ಜೆರೋಂ ಹೇಳಿ. ಅದು ರೂಸಾನ್ ದ್ರಾಕ್ಷಿಯದ್ದು, ದಪ್ಪ, ಜರ್ದಾಳು ಹಣ್ಣಿನ ವಾಸನೆ, ಕೆಲವು ವರ್ಷ ಇಡಲೂಬಹುದು. ವಿಮಾನದಲ್ಲಿ ಒಬ್ಬರಿಗೆ ಎರಡು ಲೀಟರ್ ತನಕ ಸುಂಕ ಇಲ್ಲ, ಹಾಗಾಗಿ ಎರಡು ಬಾಟಲಿ ಆರಾಮಾಗಿ ಬರುತ್ತದೆ.