ಜಪಾನಿ ಡೋರೇಮಾನ್ ಡಿವಿಡಿಗಳು ಅರ್ಧಕ್ಕೇ ನಿಂತು ಹೋಗ್ತಿವೆ, ಯಾರಾದ್ರೂ ದಾರಿ ತೋರಿಸಿ

ನೊಬಿತಾ_ದಾವಣಗೆರೆ
ಡೋರೇಮಾನ್ ಸಿನಿಮಾ ಸೆಟ್ ಪೂರ್ತಿ ಮಾಡೋಣ ಅಂತ ಜಪಾನಿಂದ ಸೆಕೆಂಡ್‌ಹ್ಯಾಂಡ್ ಡಿವಿಡಿ ತರಿಸ್ತಾ ಇದೀನಿ. ಈವರೆಗೆ 16 ಬಂದಿವೆ. ಕೆಲವು ಚೆನ್ನಾಗಿ ಓಡ್ತವೆ. ಕೆಲವು ಅರ್ಧಕ್ಕೆ ಬಂದು ಚಿತ್ರ ಚೌಕ ಚೌಕ ಆಗಿ ನಿಂತೇ ಹೋಗ್ತವೆ. ಡಿಸ್ಕ್ ಕನ್ನಡಿ ಇದ್ದಂಗಿವೆ, ಒಂದು ಗೀರಿಲ್ಲ. ಒರೆಸಿದೆ, ತೊಳೆದೆ, ಏನೂ ಆಗ್ಲಿಲ್ಲ. ಮಾರಿದವರು "ನಮ್ಮಲ್ಲಿ ಓಡಿದೆ" ಅಂತಾರೆ. ವಾರದಿಂದ ಇದೇ ಗೋಳು. ದಯವಿಟ್ಟು ಬೇಗ ಹೇಳಿ.

ಬೆಣ್ಣೆನಗರಿ
ರೀಜನ್ ಸಮಸ್ಯೆ, ಅಂದ್ರೆ ಯಾವ ದೇಶದ ಡಿಸ್ಕ್ ಯಾವ ಪ್ಲೇಯರ್‌ನಲ್ಲಿ ಓಡ್ಬೇಕು ಅನ್ನೋ ಬೀಗ. ಜಪಾನಿನ ಡಿವಿಡಿ ರೀಜನ್ 2, ನಮ್ಮ ದೇಶದ್ದು 5. ಪ್ಲೇಯರ್‌ನ ಟ್ರೇ ತೆರೆದಿಟ್ಟು ರಿಮೋಟ್‌ನಲ್ಲಿ ಸರ್ವೀಸ್ ಕೋಡ್ ಒತ್ತಿ, ರೀಜನ್ 0 (ಎಲ್ಲ ರೀಜನ್) ಮಾಡಿ. ಕೋಡ್ ಮಾಡೆಲ್‌ಗೊಂದು ಇರ್ತದೆ. ಮಾಡೆಲ್ ನಂಬರ್ ಹಾಕಿ, ಹುಡುಕಿ ಕೊಡ್ತೀನಿ.

ಸೋಲ್ಡರ್_ದುರ್ಗ
ಅರ್ಧ ಸಿನಿಮಾ ಓಡಿದ ಮೇಲೆ ರೀಜನ್ ಎಲ್ಲಿಂದ ಬಂತು ಸರ್? ರೀಜನ್ ತಪ್ಪಿದ್ರೆ ಡಿಸ್ಕ್ ಹಾಕಿದ ಕೂಡ್ಲೇ ತಡೀತೈತೆ, ಮೆನುನೂ ಬರಲ್ಲ. ಇದು ಪವರ್ ಸಪ್ಲೈ. ಸ್ವಲ್ಪ ಹೊತ್ತು ಓಡಿ ಬಿಸಿ ಆದ ಮೇಲೆ 5 ವೋಲ್ಟ್ ಲೈನು ಕುಸಿದು ಬೀಳ್ತೈತೆ. ಮುಚ್ಚಳ ತೆಗೆದು ಎಸ್‌ಎಂಪಿಎಸ್ (ಪವರ್ ಸಪ್ಲೈ) ಬೋರ್ಡಿನ ಔಟ್‌ಪುಟ್ ಕಡೆ 1000 ಮೈಕ್ರೋಫ್ಯಾರಡ್ 10 ವೋಲ್ಟ್ ಕೆಪಾಸಿಟರ್ ನೋಡಿ. ತಲೆ ಉಬ್ಬಿದ್ರೆ ಬದಲಾಯಿಸಿ, ಅದೇ 1000 ಮೈಕ್ರೋಫ್ಯಾರಡ್‌ನ 16 ವೋಲ್ಟಿಂದು ಹಾಕಿ. ಮೈನಸ್ ಪಟ್ಟಿ ಯಾವ ಕಡೆ ಇತ್ತು ಅಂತ ಕೀಳೋ ಮುಂಚೆ ಫೋಟೋ ತಗೊಳ್ಳಿ. ಡಿಸ್ಕ್ ಓಡ್ತಿರುವಾಗ ಮಲ್ಟಿಮೀಟರ್‌ನಲ್ಲಿ 4.9ರಿಂದ 5.1 ಬರಬೇಕು. 4.7ಕ್ಕಿಂತ ಕೆಳಗೆ ಹೋದ್ರೆ ಇದೇ ರೋಗ.

ಬೆಣ್ಣೆನಗರಿ
ಕೆಲವು ಡಿಸ್ಕ್ ನಡುವೆನೂ ರೀಜನ್ ಕೇಳ್ತವೆ. ಆರ್‌ಸಿಇ ಅಂತ ಇನ್ನೊಂದು ರೀಜನ್ ತಡೆ ಇದೆ.

ಹರಿಹರ_ಪಿಕಪ್
ಆರ್‌ಸಿಇ ತಂದದ್ದು ಮುಖ್ಯವಾಗಿ ಅಮೆರಿಕದ ರೀಜನ್ 1 ಡಿಸ್ಕ್‌ಗಳಿಗೆ. ಅದೂ ಶುರುವಿನಲ್ಲೇ ತಡೆಯುತ್ತದೆ, ಒಂದು ಗಂಟೆ ಸಿನಿಮಾ ತೋರಿಸಿ ಆಮೇಲೆ ಅಲ್ಲ. ರೀಜನ್ ವಿಚಾರ ಇಲ್ಲಿಗೆ ಬಿಡೋಣ.

ನೊಬಿತಾ ಅವರೇ, ಈ ನಾಲ್ಕಕ್ಕೆ ಉತ್ತರ ಬೇಕು. "ಕೆಲವು" ಅಂದ್ರೆ ಎಷ್ಟು? ಒಂದೇ ಡಿಸ್ಕನ್ನ ಎರಡು ಸಲ ಹಾಕಿದ್ರೆ ಅದೇ ನಿಮಿಷಕ್ಕೆ ನಿಲ್ತದೋ, ಬೇರೆ ಬೇರೆ ಕಡೆಯೋ? ನಿಂತ ಜಾಗ ದಾಟಿ ಮುಂದಿನ ಚಾಪ್ಟರ್‌ಗೆ ನೇರ ಹಾರಿದ್ರೆ ಓಡ್ತದೋ? ಮನೇಲಿ ಡಿವಿಡಿ ಡ್ರೈವ್ ಇರೋ ಕಂಪ್ಯೂಟರ್ ಇದ್ರೆ ಅದರಲ್ಲಿ ಏನಾಗ್ತದೆ?

ಹೊಳಲ್ಕೆರೆ_ರೋಡ್
ಟೂತ್‌ಪೇಸ್ಟ್ ಹಚ್ಚಿ ಹತ್ತಿ ಬಟ್ಟೆಯಲ್ಲಿ ಉಜ್ಜಿ ತೊಳೀರಿ. ನಿಂತ ಡಿಸ್ಕ್ ಓಡ್ತವೆ.

ವಿಎಚ್‌ಎಸ್_ಕಪಾಟು
ಗೀರೇ ಇಲ್ಲದ ಡಿಸ್ಕ್‌ಗೆ ಯಾಕೆ ಪೇಸ್ಟ್? ಪೇಸ್ಟ್‌ನಲ್ಲಿ ಇರೋದು ಸಣ್ಣ ಮರಳಿನಂಥ ಪುಡಿ. ಮೇಲುಮೇಲಿನ ಗೀರನ್ನು ಸವೆಸಿ ಮಟ್ಟ ಮಾಡುತ್ತದೆ ನಿಜ, ಆದರೆ ಚೆನ್ನಾಗಿರೋ ಮೈಯನ್ನೂ ಮಸುಕು ಮಾಡುತ್ತದೆ. ಸಂಗ್ರಹದ ಡಿಸ್ಕ್‌ಗೆ ಬೇಡವೇ ಬೇಡ.

ಒರೆಸುವುದಾದರೆ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಲ್ಲಿ, ನಡುವಿನ ತೂತಿನಿಂದ ಅಂಚಿಗೆ ನೇರವಾಗಿ. ಸುತ್ತಿಸಿ ಒರೆಸಬಾರದು. ದತ್ತಾಂಶದ ಹಾದಿ ಸುರುಳಿಯಾಗಿ ಸುತ್ತುತ್ತದೆ. ಅಡ್ಡಗೀರು ಬಿದ್ದರೆ ಪ್ರತಿ ಸುತ್ತಿನಲ್ಲಿ ಚೂರು ಮಾತ್ರ ಹೋಗುತ್ತದೆ, ಪ್ಲೇಯರ್ ಅದನ್ನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಹಾದಿಯ ಉದ್ದಕ್ಕೇ ಗೀರು ಬಿದ್ದರೆ ಸಾಲಾಗಿ ಅಷ್ಟೂ ಹೋಗುತ್ತದೆ, ತುಂಬಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಹೊಳಲ್ಕೆರೆ_ರೋಡ್
ವಿಸಿಡಿ ಕಾಲದಿಂದ ಇದನ್ನೇ ಮಾಡ್ಕೊಂಡು ಬಂದಿದೀವಿ, ಯಾವ ಡಿಸ್ಕೂ ಹಾಳಾಗಿಲ್ಲ.

ವಿಎಚ್‌ಎಸ್_ಕಪಾಟು
ಸಿಡಿ, ವಿಸಿಡಿಯಲ್ಲಿ ಗುಳಿಗಳು ದೊಡ್ಡವು, ಹಾದಿಗಳ ನಡುವೆ 1.6 ಮೈಕ್ರಾನ್ ಅಂತರ. ಡಿವಿಡಿಯಲ್ಲಿ ಆ ಅಂತರ 0.74 ಮೈಕ್ರಾನ್. ಅಲ್ಲಿ ತಡೆದುಕೊಂಡ ಮಸುಕು ಇಲ್ಲಿ ತಡೆಯಲ್ಲ.

ನೊಬಿತಾ_ದಾವಣಗೆರೆ
ಟೈಮ್ ಬರೆದಿಟ್ಟು ನೋಡಿದೆ. 16ರಲ್ಲಿ 4 ನಿಲ್ತವೆ, 12 ಪೂರ್ತಿ ಓಡ್ತವೆ. ನಾಲ್ಕೂ 2006ರ ನಂತರದ ಸಿನಿಮಾ. ಪ್ರತಿ ಸಲ ಅದೇ ಜಾಗ: ಒಂದು 54ನೇ ನಿಮಿಷ, ಒಂದು 58, ಒಂದು 57, ಇನ್ನೊಂದು 1 ಗಂಟೆ 1 ನಿಮಿಷ. ಮುಂದಿನ ಚಾಪ್ಟರ್‌ಗೆ ಹಾರಿದ್ರೆ ಕರ್ರ್ ಕರ್ರ್ ಅಂತ ಸದ್ದು ಬಂದು ನೋ ಡಿಸ್ಕ್ ಅಂತದೆ. ಟಿವಿಗೆ ಎಚ್‌ಡಿಎಂಐ ಕೇಬಲ್. ಪ್ಲೇಯರ್ ಸುಮಾರು 12 ವರ್ಷದ್ದು. ಲ್ಯಾಪ್‌ಟಾಪ್ ಡ್ರೈವ್ ಅಣ್ಣನ ಹತ್ರ ಐತಿ, ಸಂಜೆ ತರ್ತೀನಿ.

ಸೋಲ್ಡರ್_ದುರ್ಗ
ನೋಡಿ, ನಾಲ್ಕೂ ಒಂದು ಗಂಟೆ ಹತ್ತತ್ರ. ಬಿಸಿ ಆಗೋಕೆ ಬೇಕಾದ ಟೈಮು ಅದು. 5 ವೋಲ್ಟ್ ಅಳೀರಿ.

ಹರಿಹರ_ಪಿಕಪ್
ಬಿಸಿಯ ಲೆಕ್ಕ ಆದ್ರೆ ಉಳಿದ 12 ಡಿಸ್ಕೂ ಒಂದು ಗಂಟೆಗೆ ನಿಲ್ಲಬೇಕಿತ್ತಲ್ಲ ಅಣ್ಣ. ಅವು ಒಂದೂವರೆ ಗಂಟೆ ಓಡ್ತಾ ಇವೆ. ಇನ್ನೊಂದು ಪರೀಕ್ಷೆ ಇದೆ: ರಾತ್ರಿಯಿಡೀ ಆಫ್ ಆಗಿದ್ದ ಪ್ಲೇಯರ್‌ಗೆ ಬೆಳಿಗ್ಗೆ ಎದ್ದ ಕೂಡ್ಲೇ ಡಿಸ್ಕ್ ಹಾಕಿ ನೇರ 54ನೇ ನಿಮಿಷಕ್ಕೆ ಹೋಗಲಿ. ತಣ್ಣಗಿದ್ದರೂ ನಿಂತರೆ ಬಿಸಿ ಕಾರಣ ಅಲ್ಲ.

ನನಗೆ ಕಾಣೋದು ಪದರ ಬದಲಾವಣೆ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಹಿಡಿಸ್ತದೆ, ಕಂಪ್ಯೂಟರ್ ಅದನ್ನೇ 4.38 ಅಂತ ತೋರಿಸ್ತದೆ. ಎರಡು ಪದರದ್ದರಲ್ಲಿ 8.5. ಸಿನಿಮಾ ಡಿಸ್ಕ್‌ಗಳಲ್ಲಿ ಲೇಸರ್ ಮೊದಲ ಪದರವನ್ನು ಒಳಗಿಂದ ಅಂಚಿನ ಕಡೆಗೆ ಓದುತ್ತಾ ಹೋಗ್ತದೆ. ಅಲ್ಲಿ ಫೋಕಸ್ ಬದಲಿಸಿ, ಸುಮಾರು 55 ಮೈಕ್ರಾನ್ ಆಳದಲ್ಲಿರೋ ಎರಡನೇ ಪದರ ಹಿಡಿದು ಅಂಚಿನಿಂದ ಒಳಕ್ಕೆ ವಾಪಸ್ ಬರ್ತದೆ. ಈ ತಿರುವು ಬರೋದು ಸಿನಿಮಾದ ನಡುಭಾಗದಲ್ಲಿ. ನಿಮ್ಮ ನಾಲ್ಕೂ ಸಮಯ ಅಲ್ಲೇ ಇವೆ. ಲೇಸರ್ ಸೊರಗಿ ಅಲ್ಲಿ ಕೈಬಿಡ್ತಿರಬಹುದು.

ಖಚಿತ ಮಾಡಿಕೊಳ್ಳೋದು ಸುಲಭ. ಕವರಿನ ಹಿಂಬದಿಯಲ್ಲಿ ಜಪಾನಿ ಲಿಪಿಯಲ್ಲಿ "ಕತಾಮೆನ್ 1 ಸೋ" ಅಥವಾ "ಕತಾಮೆನ್ 2 ಸೋ" ಅಂತ ಅಚ್ಚಾಗಿರ್ತದೆ. ಒಂದೇ ಮೈ, ಇಷ್ಟು ಪದರ ಅಂತ ಅರ್ಥ. ಲಿಪಿ ಓದಕ್ಕೆ ಬರದಿದ್ರೂ ಎರಡು ಅಕ್ಷರದ ನಂತರ, ಒಂದು ಅಕ್ಷರಕ್ಕೆ ಮೊದಲು ಇರೋ ಅಂಕಿ ನೋಡಿ.

ಬೆಣ್ಣೆನಗರಿ
ನನ್ನ ಹತ್ತಿರ ಇರೋ ಜಪಾನಿ ಡಿಸ್ಕ್ ಎಲ್ಲದರ ಮೇಲೂ 2 ಅಂತಲೇ ಇದೆ. ಎಲ್ಲವೂ ಎರಡು ಪದರ ಆಗಕ್ಕೆ ಸಾಧ್ಯವಾ?

ಹರಿಹರ_ಪಿಕಪ್
ನೀವು ನೋಡ್ತಿರೋದು ಭೂಗೋಳದ ಚಿತ್ರದೊಳಗಿನ 2. ಅದು ರೀಜನ್. ಪದರದ ಅಂಕಿ ಅದರ ಪಕ್ಕದ ಚೌಕಗಳಲ್ಲಿ, ಎನ್‌ಟಿಎಸ್‌ಸಿ (ಜಪಾನಿ ಡಿಸ್ಕ್‌ಗಳ ವಿಡಿಯೋ ಪದ್ಧತಿ) ಗುರುತಿನ ಆಸುಪಾಸು ಇರ್ತದೆ.

ಕವರೇ ಇಲ್ಲದ ಡಿಸ್ಕ್ ಆದ್ರೆ ಬಣ್ಣ ನೋಡಿ. ಓದುವ ಮೈ ಬೆಳ್ಳಿ ಬಣ್ಣ ಇದ್ರೆ ಬಹುಮಟ್ಟಿಗೆ ಒಂದೇ ಪದರ, ತೆಳು ಚಿನ್ನದ ಛಾಯೆ ಇದ್ರೆ ಎರಡು. ಅನುಮಾನ ಇದ್ರೆ ಕಂಪ್ಯೂಟರ್‌ನಲ್ಲಿ ವಿಡಿಯೋ_ಟಿಎಸ್ ಫೋಲ್ಡರ್ ತೆರೆಯಿರಿ. ಸಿನಿಮಾ ಇರೋ ವಿಒಬಿ ಫೈಲ್ ಒಂದೊಂದೂ ಹೆಚ್ಚೆಂದರೆ 1 ಜಿಬಿ. ಒಟ್ಟು 4.38 ದಾಟಿದ್ರೆ ಮುಗೀತು, ಎರಡು ಪದರ.

ಲ್ಯಾಪ್‌ಟಾಪ್ ವಿಚಾರದಲ್ಲಿ ಒಂದು ಎಚ್ಚರ. "ಡ್ರೈವ್ ರೀಜನ್ ಬದಲಿಸಲೇ" ಅಂತ ಕೇಳಿದ್ರೆ ಹೂಂ ಅನ್ನಬೇಡಿ. ಡ್ರೈವ್‌ನಲ್ಲಿ 5 ಸಲ ಮಾತ್ರ ಬದಲಿಸಬಹುದು, ಐದನೆಯದು ಶಾಶ್ವತ. ವಿಎಲ್‌ಸಿ ಅನ್ನೋ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಹಾಕಿ, ಹೆಚ್ಚಿನ ಡ್ರೈವ್‌ಗಳಲ್ಲಿ ರೀಜನ್ ಕೇಳದೇ ಓಡ್ತದೆ.

ಸೋಲ್ಡರ್_ದುರ್ಗ
ಪದರದ ಮಾತು ಒಪ್ಪಿದೆ. ಆದ್ರೆ ಎರಡು ಪದರದ ಡಿಸ್ಕಿನ ಮೊದಲ ಪದರವೂ ಬೆಳಕನ್ನ ಕಮ್ಮಿನೇ ವಾಪಸ್ ಕೊಡ್ತೈತೆ. ಲೇಸರ್ ಸೊರಗಿದ್ರೆ ಮೊದಲರ್ಧವೂ ಓದಬಾರದಿತ್ತಲ್ಲ?

ಹರಿಹರ_ಪಿಕಪ್
ಸರಿಯಾದ ಪ್ರಶ್ನೆ. ಒಂದು ಪದರದ ಡಿಸ್ಕ್ ಶೇ. 45ರಿಂದ 85ರಷ್ಟು ಬೆಳಕು ಹಿಂತಿರುಗಿಸ್ತದೆ, ಎರಡು ಪದರದ್ದು ಪ್ರತಿ ಪದರಕ್ಕೆ ಶೇ. 18ರಿಂದ 30 ಮಾತ್ರ. ಹಾಗಾಗಿ ಸೊರಗಿದ ಲೇಸರ್ ಮೊದಲರ್ಧವನ್ನೇ ಕಷ್ಟದಲ್ಲಿ ಓದ್ತಾ ಇರ್ತದೆ. ತಿರುವಿನಲ್ಲಿ ಇನ್ನೂ ಮೂರು ಭಾರ ಸೇರ್ತವೆ: ಬೆಳಕು ಅರೆಪಾರದರ್ಶಕ ಪದರವನ್ನು ಹೋಗ್ತಾ ಒಮ್ಮೆ ಬರ್ತಾ ಒಮ್ಮೆ ದಾಟಬೇಕು, ಫೋಕಸ್ ಹೊಸದಾಗಿ ಹಿಡೀಬೇಕು, ಡಿಸ್ಕ್ ಬಾಗಿದ್ದರೆ ಬಾಗು ಅತಿ ಹೆಚ್ಚಿರೋದೂ ಆ ಅಂಚಲ್ಲೇ. ಅಲ್ಲಿ ಕೈಬಿಡ್ತದೆ. ಮುಂದಿನ ಚಾಪ್ಟರ್‌ಗೆ ಹಾರಿದಾಗಲೂ ನೋ ಡಿಸ್ಕ್ ಬಂತು ಅಂದ್ರೆ ಎರಡನೇ ಪದರವನ್ನೇ ಹಿಡೀಲಿಕ್ಕೆ ಆಗ್ತಿಲ್ಲ. ಹಾರಿದಾಗ ಓಡಿ, ತಿರುವಲ್ಲಿ ಮಾತ್ರ ನಿಂತಿದ್ದರೆ ಲೇಸರ್ ಓಡಾಡೋ ಸ್ಲೆಡ್ ಹಳಿಯ ಗ್ರೀಸ್ ಒಣಗಿದೆ ಅಂತಿದ್ದೆ.

ವಿಎಚ್‌ಎಸ್_ಕಪಾಟು
ಸಂಗ್ರಹ ಮಾಡುವವರಿಗೆ ಒಂದು ಮಾತು. 1980ರಿಂದ 2004ರವರೆಗೆ ವರ್ಷಕ್ಕೊಂದರಂತೆ 25 ಸಿನಿಮಾ. 2005ರಲ್ಲಿ ಬರಲಿಲ್ಲ, ಆ ವರ್ಷ ಧ್ವನಿ ಕಲಾವಿದರೆಲ್ಲ ಬದಲಾದರು. 2006ರಲ್ಲಿ 1980ರ ಮೊದಲ ಸಿನಿಮಾದ ಡೈನೋಸಾರ್ ಕಥೆಯನ್ನೇ ಮತ್ತೆ ಮಾಡಿದರು. 2020ರಲ್ಲಿ ಬಂದ 40ನೆಯದೂ ಡೈನೋಸಾರ್‌ದೇ, ಆದರೆ ಕಥೆ ಬೇರೆ. ಕವರ್ ಚಿತ್ರ ನೋಡಿ ಕೊಂಡರೆ ಒಂದೇ ಸಿನಿಮಾ ಎರಡು ಸಲ ಬರುತ್ತದೆ, ಬೇಕಾದ್ದು ಬರುವುದಿಲ್ಲ. ಕವರ್ ಮೇಲೆ ಇಸವಿ ನೋಡಿ. ಹೆಸರಿನಲ್ಲೇ 2021 ಅಂತ ಇರುವ ಸಿನಿಮಾ ತೆರೆಗೆ ಬಂದದ್ದು 2022ರಲ್ಲಿ, ಅದನ್ನೂ ಗಮನದಲ್ಲಿಡಿ.

ನನ್ನಲ್ಲಿ ಹಳೆಯ 25ರಲ್ಲಿ 19 ಜಪಾನಿ ವಿಎಚ್‌ಎಸ್‌ನಲ್ಲಿವೆ, ಎನ್‌ಟಿಎಸ್‌ಸಿ ಓದುವ ವಿಸಿಆರ್ ಇದೆ. ಸ್ಟೀಲ್ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನೇರ ನಿಲ್ಲಿಸಿದ್ದೇನೆ. ಮಲಗಿಸಿ ಇಟ್ಟರೆ ಟೇಪಿನ ಅಂಚು ಮಡಚುತ್ತದೆ.

ಬೆಣ್ಣೆನಗರಿ
ಬ್ಲೂರೇ ತಗೊಂಡ್ರೆ ಈ ತಾಪತ್ರಯ ಇಲ್ಲ ಅಲ್ವಾ? ಹೊಸವು ಬ್ಲೂರೇಯಲ್ಲೂ ಸಿಗ್ತವೆ.

ವಿಎಚ್‌ಎಸ್_ಕಪಾಟು
ಬ್ಲೂರೇಯಲ್ಲಿ ಜಪಾನ್ ಎ, ಭಾರತ ಸಿ. ಇಲ್ಲಿ ಕೊಂಡ ಪ್ಲೇಯರ್‌ಗೆ ಅದು ನಿಜವಾದ ತಡೆ, ರಿಮೋಟ್ ಕೋಡ್‌ನಲ್ಲಿ ಬದಲಾಗುವಂಥವು ಕಡಿಮೆ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೆರೆಸೋದು ಬೇಡ.

ನೊಬಿತಾ_ದಾವಣಗೆರೆ
ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ನಾಲ್ಕೂ 4.38 ದಾಟ್ತವೆ, ನಾಲ್ಕೂ ಚಿನ್ನದ ಬಣ್ಣ. ಓಡೋ 12 ಬೆಳ್ಳಿ. ವಿಎಲ್‌ಸಿಯಲ್ಲಿ ಮೂರು ಪೂರ್ತಿ ಓಡಿದವು. ನಾಲ್ಕನೆಯದು, ಆ 1 ಗಂಟೆ 1 ನಿಮಿಷದ್ದು, ಲ್ಯಾಪ್‌ಟಾಪ್‌ನಲ್ಲೂ ಅಲ್ಲೇ ನಿಂತಿತು. ಬೆಳಿಗ್ಗೆ ತಣ್ಣಗಿರುವಾಗ ಪ್ಲೇಯರ್‌ಗೆ ಹಾಕಿ ನೇರ 54ಕ್ಕೆ ಹೋದೆ, ನಿಂತಿತು.

ಹೋದ ವರ್ಷ ಇದೇ ಪ್ಲೇಯರ್ ಡಿಸ್ಕೇ ತಗೊಳ್ತಿರಲಿಲ್ಲ. ರಿಪೇರಿ ಅಂಗಡಿಯಲ್ಲಿ ಲೆನ್ಸ್ ಹತ್ತಿರ ಒಂದು ಸಣ್ಣ ಸ್ಕ್ರೂ ತಿರುಗಿಸಿ "ಸೆಟ್ ಮಾಡಿದೀವಿ" ಅಂದಿದ್ರು. ಆಮೇಲೆ ಸರಿ ಇತ್ತು, ಅದಕ್ಕೇ ಹೇಳಿರಲಿಲ್ಲ.

ಹರಿಹರ_ಪಿಕಪ್
ಹೇಳಬೇಕಾದ್ದು ಅದೇ ಆಗಿತ್ತು. ಆ ಸ್ಕ್ರೂ ಅಂದ್ರೆ ಪಿಕಪ್ (ಲೇಸರ್, ಲೆನ್ಸ್ ಇರೋ ಭಾಗ) ಮೇಲಿನ ಪ್ರೀಸೆಟ್, ಕರೆಂಟ್ ಹೊಂದಿಸೋ ತಿರುಗಣೆ. ಅದನ್ನು ತಿರುಗಿಸಿದ್ರೆ ಲೇಸರ್ ಡಯೋಡ್‌ಗೆ ಕರೆಂಟ್ ಹೆಚ್ಚು ಹೋಗ್ತದೆ. ಮುದಿ ಡಯೋಡ್ ಸ್ವಲ್ಪ ದಿನ ಹೊಳೆದು ಬೇಗ ಸೊರಗ್ತದೆ. ಇನ್ನೊಮ್ಮೆ ತಿರುಗಿಸಬೇಡಿ.

ಮೊದಲು ಖರ್ಚಿಲ್ಲದ್ದು: ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ, ಮುಚ್ಚಳ ತೆಗೆದು ಲೆನ್ಸ್ ಒರೆಸಿ. 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿಗೆ ಒದ್ದೆ ಆಗುವಷ್ಟು ಮಾತ್ರ, ಒತ್ತದೆ ಎರಡು ಸುತ್ತು. ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ತೂಗ್ತಿರ್ತದೆ, ಒತ್ತಿದ್ರೆ ಓರೆಯಾಗ್ತದೆ. ಬಿಸಿಲುಗಾಲದ ನಮ್ಮೂರ ಧೂಳಿಗೆ ಇಷ್ಟರಲ್ಲೇ ಸರಿಹೋದದ್ದೂ ಉಂಟು, ಆದರೆ ನಿಮ್ಮದಕ್ಕೆ ಸಾಲೋದು ಅನುಮಾನ.

ಸಾಲದಿದ್ರೆ ಪಿಕಪ್ ಬದಲಾಯಿಸಿ. ಹಳೆಯದರ ಮೇಲಿನ ನಂಬರ್ ನೋಡದೆ ತರಬೇಡಿ. ಕೆಎಚ್‌ಎಂ 313, ಎಸ್‌ಎಫ್ ಎಚ್‌ಡಿ 62, ಎಚ್‌ಡಿ 65 ನೋಡೋಕೆ ಹತ್ತಿರ ಹತ್ತಿರ, ಒಂದರ ಜಾಗಕ್ಕೆ ಇನ್ನೊಂದು ಕೂರ್ತದೆ ಅಂತ ನಂಬಬೇಡಿ. ಹೊಸದರ ಮೇಲೆ ಸ್ಟ್ಯಾಟಿಕ್‌ಗೆ ರಕ್ಷಣೆಯಾಗಿ ಚಿಕ್ಕ ಸೋಲ್ಡರ್ ಬೊಟ್ಟು ಶಾರ್ಟ್ ಮಾಡಿಟ್ಟಿರ್ತಾರೆ. ಮೊದಲು ರಿಬ್ಬನ್ ಕೇಬಲ್ ಕೂರಿಸಿ, ಆಮೇಲೆ ಆ ಬೊಟ್ಟು ತೆಗೆಯಿರಿ. ತೆಗೆಯೋದು ಮರೆತ್ರೆ ಲೇಸರ್ ಹೊತ್ತಲ್ಲ, "ಹೊಸದೂ ಕೆಟ್ಟದ್ದು" ಅಂತ ವಾಪಸ್ ಕೊಡ್ತಾರೆ ಜನ. ಹಳಿಯ ಹಳೇ ಗ್ರೀಸ್ ಒರೆಸಿ ಅಕ್ಕಿಕಾಳಷ್ಟು ಸಿಲಿಕಾನ್ ಗ್ರೀಸ್ ಹಚ್ಚಿ.

ಸೋಲ್ಡರ್_ದುರ್ಗ
ಬಿಚ್ಚಿದಾಗ ಕೆಪಾಸಿಟರ್ ತಲೆನೂ ನೋಡಿಬಿಡಿ. 12 ವರ್ಷದ ಪ್ಲೇಯರ್, ಹೊಸ ಪಿಕಪ್‌ಗೆ 5 ವೋಲ್ಟ್ ಅಲುಗಾಡಬಾರದು. ಊರಲ್ಲಿ ನಂಬರ್ ಸಿಗದಿದ್ರೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೇಳಿ. ಸೋಲ್ಡರ್ ಬೊಟ್ಟು ಇಲ್ಲದ್ದನ್ನ ಹೊಸದು ಅಂತ ಕೊಟ್ರೆ ತಗೋಬೇಡಿ, ಹಳೇದನ್ನ ತೊಳೆದು ಮಾರ್ತಾರೆ.

ನೊಬಿತಾ_ದಾವಣಗೆರೆ
ಲೆನ್ಸ್ ಒರೆಸಿದ್ದಕ್ಕೆ ಬದಲಾವಣೆ ಇರಲಿಲ್ಲ. ಎಚ್‌ಡಿ 65 ಸಿಕ್ತು, ಬೊಟ್ಟು ಇತ್ತು, ರಿಬ್ಬನ್ ಕೂರಿಸಿದ ಮೇಲೆ ತೆಗೆದೆ. ಕೆಪಾಸಿಟರ್ ಒಂದರ ತಲೆ ಉಬ್ಬಿತ್ತು, 5 ವೋಲ್ಟ್ ಜಾಗದಲ್ಲಿ 4.86 ಇತ್ತು. ಅದನ್ನೂ ಬದಲಾಯಿಸಿದ ಮೇಲೆ 5.02. ಮೂರು ಡಿಸ್ಕ್ ತಿರುವು ದಾಟಿ ಪೂರ್ತಿ ಓಡಿದವು, ತಿರುವಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಚಿತ್ರ ತಡೆದು ಮುಂದೆ ಹೋಯ್ತು. ನಾಲ್ಕನೆಯದು ಇದರಲ್ಲೂ 1 ಗಂಟೆ 1 ನಿಮಿಷಕ್ಕೆ ನಿಲ್ತದೆ.

ಹರಿಹರ_ಪಿಕಪ್
ಆ ಚಿಕ್ಕ ತಡೆ ಸಹಜ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ನಾಲ್ಕನೆಯದನ್ನ ಟ್ಯೂಬ್‌ಲೈಟ್ ಮುಂದೆ ಓರೆಯಾಗಿ ಹಿಡಿದು ಹೊರ ಅಂಚು ನೋಡಿ. ಮೋಡ ಕವಿದಂಗೆ ಮಸುಕು ಪಟ್ಟಿ ಅಥವಾ ಎಲೆ ನರದಂಥ ಗೆರೆ ಒಳಗೇ ಕಂಡ್ರೆ ಎರಡು ತಟ್ಟೆ ಅಂಟಿಸಿದ ಅಂಟು ಬಿಡ್ತಾ ಇದೆ.

ನೊಬಿತಾ_ದಾವಣಗೆರೆ
ಐತಿ. ಅಂಚಲ್ಲಿ ಹೆಬ್ಬೆಟ್ಟಿನಗಲ ಮಸುಕು, ಒರೆಸಿದ್ರೆ ಹೋಗಲ್ಲ.

ಹರಿಹರ_ಪಿಕಪ್
ಅದು ಒಳಗಿನದು, ಪಾಲಿಶ್ ಮುಟ್ಟಲ್ಲ. ಟ್ಯೂಬ್‌ಲೈಟ್‌ನಲ್ಲಿ ತೆಗೆದ ಫೋಟೋ ಮಾರಿದವರಿಗೆ ಕಳಿಸಿ ದುಡ್ಡು ಕೇಳಿ. ಮುಂದೆ ಕೊಳ್ಳುವಾಗ ಹೊರ ಅಂಚಿನ ಫೋಟೋ ಮೊದಲೇ ತರಿಸ್ಕೊಳ್ಳಿ, ಚಿನ್ನದ ಬಣ್ಣದವಕ್ಕಂತೂ ತಪ್ಪದೆ.

ಹೊಳಲ್ಕೆರೆ_ರೋಡ್
ಆ ನಾಲ್ಕನೆಯದು ಯಾವ ಇಸವಿದು? ನನ್ನ ಹತ್ತಿರ ಹೊಸ ಸರಣಿಯವು ಎರಡೆರಡು ಇವೆ.

ನೊಬಿತಾ_ದಾವಣಗೆರೆ
2009ರದ್ದು. ಕವರ್ ನನ್ನ ಹತ್ರ ಚೆನ್ನಾಗಿದೆ, ಡಿಸ್ಕ್ ಒಂದೇ ಸಾಕು. ಪೇಸ್ಟ್ ಹಚ್ಚದೇ ಇದ್ರೆ ಅಂಚಿನ ಫೋಟೋ ಹಾಕ್ರಿ.