‘ರೆಜಿಮೆಂಟ್’ಗೆ ತುಕಡಿ ಎನ್ನಬಹುದೇ? ಫಿಜಿಯ ಕಾಲಾಳುಗಳ ನೆಪದಲ್ಲಿ

ಬಲ್ಲವರಿಗೆ ನಮಸ್ಕಾರ.

ಫಿಜಿ ದ್ವೀಪರಾಷ್ಟ್ರದ ಸೈನ್ಯವನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಫಿಜಿ ಇನ್‌ಫೆಂಟ್ರಿ ರೆಜಿಮೆಂಟ್’ ಎಂಬ ಹೆಸರಿನಲ್ಲೇ ಸಿಕ್ಕಿಕೊಂಡಿದ್ದೇನೆ. ‘ಇನ್‌ಫೆಂಟ್ರಿ’ಗೆ ಕನ್ನಡದಲ್ಲಿ ಬರವಿಲ್ಲ, ಕಾಲಾಳು, ಕಾಲ್ದಳ, ಪದಾತಿ, ಯಾವುದಾದರೂ ನಡೆಯುತ್ತದೆ. ತೊಡಕೆಲ್ಲ ‘ರೆಜಿಮೆಂಟ್’ನದು.

ಪತ್ರಿಕೆಗಳಲ್ಲಿ ‘ತುಕಡಿ’ ಎಂದು ಬರೆದು ಕೈತೊಳೆದುಕೊಳ್ಳುವುದುಂಟು. ನನಗದು ಸುತರಾಂ ಒಪ್ಪಿಗೆಯಿಲ್ಲ. ಗಣೇಶನ ಮೆರವಣಿಗೆಯ ಬಂದೋಬಸ್ತಿಗೆ ‘ಕೆಎಸ್‌ಆರ್‌ಪಿಯ ಎರಡು ತುಕಡಿ’ ಬಂದವು ಎಂದರೆ ಕಣ್ಣಿಗೆ ಕಟ್ಟುವುದು ಎರಡು ವ್ಯಾನಿನಷ್ಟು ಜನ. ಫಿಜಿಯಲ್ಲಾದರೋ ಈ ರೆಜಿಮೆಂಟೇ ಸೈನ್ಯದ ಬೆನ್ನೆಲುಬು. ದೇಶದ ಜನಸಂಖ್ಯೆ ಸುಮಾರು 9 ಲಕ್ಷ. ಅಷ್ಟು ಸಣ್ಣ ದೇಶದ ಈ ಕಾಲಾಳುಗಳು 1952ರಿಂದ 1956ರವರೆಗೆ ಮಲಯದ (ಇಂದಿನ ಮಲೇಷ್ಯಾದ ಭಾಗ) ಕಾಡುಗಳಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳ ಬೆನ್ನಟ್ಟಿದರು. 1978ರಿಂದ 2002ರವರೆಗೆ ವಿಶ್ವಸಂಸ್ಥೆಯ ಶಾಂತಿಪಾಲಕರಾಗಿ ದಕ್ಷಿಣ ಲೆಬನಾನಿನಲ್ಲಿದ್ದರು. 1996ರ ಏಪ್ರಿಲ್ 18ರಂದು ಖಾನಾ ಎಂಬ ಊರಿನಲ್ಲಿ ಆಶ್ರಯ ಬೇಡಿ ಬಂದಿದ್ದ ನೂರಕ್ಕೂ ಹೆಚ್ಚು ನಾಗರಿಕರು ಇಸ್ರೇಲಿನ ಫಿರಂಗಿ ದಾಳಿಗೆ ಬಲಿಯಾದದ್ದು ಇವರ ನೆಲೆಯ ಆವರಣದಲ್ಲೇ. ಇದನ್ನೆಲ್ಲ ‘ತುಕಡಿ’ಯೊಳಗೆ ತುರುಕಲು ಮನಸ್ಸು ಬಾರದು.

ಬ್ರಿಟಿಷ್ ಪದ್ಧತಿಯ ಕಾಲಾಳು ರೆಜಿಮೆಂಟ್ ಒಟ್ಟಾಗಿ ರಣರಂಗಕ್ಕೆ ಇಳಿಯುವ ಗುಂಪಲ್ಲ ಎಂಬುದು ಇನ್ನೊಂದು ಗೋಜಲು. ಅದು ಹೆಸರನ್ನೂ ಲಾಂಛನವನ್ನೂ ಹಂಚಿಕೊಂಡ ಬೆಟಾಲಿಯನ್‌ಗಳ (ಕೆಲವು ನೂರು ಸೈನಿಕರು ಒಟ್ಟಾಗಿ ಕಾದಾಡುವ ಘಟಕಗಳ) ಮನೆತನ. ಒಂದನೆಯದು 2002ರವರೆಗೆ ಲೆಬನಾನಿನಲ್ಲಿ, ಎರಡನೆಯದು 1982ರಿಂದ ಸಿನಾಯ್ ಮರುಭೂಮಿಯಲ್ಲಿ, ಮೂರನೆಯದು ಸುವಾ ನಗರದ ನಬುವಾ ಬ್ಯಾರಕ್ಕಿನಲ್ಲಿ. ಮೂರೂ ಒಂದೇ ಕಾಲಕ್ಕೆ ಮೂರು ಕಡೆ ಇದ್ದಾಗಲೂ ರೆಜಿಮೆಂಟ್ ಒಂದೇ. ಹೀಗಾಗಿ ರೆಜಿಮೆಂಟಿಗೂ ಬೆಟಾಲಿಯನ್ನಿಗೂ ಬೇರೆಬೇರೆ ಪದ ಬೇಕೇ ಬೇಕು.

ನಮ್ಮ ಬೆಳಗಾವಿಯ ಸುದ್ದಿಗಳಲ್ಲಿ ‘ಮರಾಠಾ ಲಘು ಪದಾತಿ ದಳ’ ಎಂಬುದು ರೂಢಿಯಾಗಿದೆ. ಆ ಜಾಡಿನಲ್ಲಿ ‘ಫಿಜಿ ಪದಾತಿ ದಳ’ ಎನ್ನಬಹುದು. ಆದರೆ ಶ್ವಾನದಳ, ಅಗ್ನಿಶಾಮಕ ದಳಗಳಿಂದ ಹಿಡಿದು ರಾಜಕೀಯ ಪಕ್ಷದವರೆಗೆ ಎಲ್ಲವೂ ದಳವೇ ಆಗಿರುವಾಗ ಆ ಪದಕ್ಕೆ ಅಳತೆಯೇ ಉಳಿದಿಲ್ಲ. ಬೆಟಾಲಿಯನ್ನಿಗೆ ಕೆಎಸ್‌ಆರ್‌ಪಿಯವರಂತೆ ‘ಪಡೆ’ ಎನ್ನೋಣವೆಂದರೆ ಫಿಜಿಯ ಇಡೀ ಸೈನ್ಯದ ಹೆಸರಿಗೇ ‘ಗಣರಾಜ್ಯದ ಸೇನಾ ಪಡೆಗಳು’ ಎಂದು ಬರೆದುಕೊಂಡಿದ್ದೇನೆ. ಕೊನೆಗೆ ‘ಸೇನಾ ಪಡೆಗಳ ಪದಾತಿ ದಳದ ಮೂರನೇ ಪಡೆ’ ಎಂಬ ವಾಕ್ಯ ಹುಟ್ಟಿತು. ಓದಿದವರು ನನ್ನನ್ನೇ ಬೆನ್ನಟ್ಟಿಯಾರು!

ಹಿಂದೊಮ್ಮೆ ‘ಪಟಾಲಂ’ ಇಂಥ ಕಡೆ ಹೇಳಿ ಮಾಡಿಸಿದ ಪದವಾಗಿತ್ತು. ಈಗ ಅದರ ಮಾನ ಹೋಗಿದೆ. ಪುಂಡರ ಹಿಂಬಾಲಕರು ಮಾತ್ರ ಪಟಾಲಂ. 1987ರ ಮೇ 14ರಂದು ಲೆಫ್ಟಿನೆಂಟ್ ಕರ್ನಲ್ ಸಿತಿವೇನಿ ರಬೂಕ ಚುನಾಯಿತ ಸರ್ಕಾರವನ್ನು ಉರುಳಿಸಲು ಸಂಸತ್ತಿಗೆ ನುಗ್ಗಿಸಿದ ಮುಸುಕುಧಾರಿ ಸೈನಿಕರಿಗೆ ಬೇಕಾದರೆ ಅದನ್ನು ಮೀಸಲಿಡಬಹುದು.

ಫಿಜಿಯವರೇ ಏನು ಮಾಡಿದ್ದಾರೆಂದು ನೋಡಿದೆ. ‘ಇವಲು’ ಎಂದರೆ ಯುದ್ಧ, ಸೈನ್ಯಕ್ಕೆ ‘ಮತೈವಲು’. ಅದು ಅಚ್ಚ ಫಿಜಿಯ ಪದ. ಸೈನಿಕನಿಗೆ ಮಾತ್ರ ಇಂಗ್ಲಿಷಿನ ಸೋಲ್ಜರ್ ಪದವನ್ನೇ ಬಾಗಿಸಿ ‘ಸೊತಿಯ’ ಎನ್ನುತ್ತಾರೆ. ಅವರಿಗಿಲ್ಲದ ಮಡಿ ನಮಗೇಕೆ? ಹಾಗಾಗಿ ‘ಫಿಜಿ ಪದಾತಿ ರೆಜಿಮೆಂಟ್’ ಎಂದಿಟ್ಟು, ಬೆಟಾಲಿಯನ್ನನ್ನು ಬೆಟಾಲಿಯನ್ ಆಗಿಯೇ ಬಿಡುವುದು ಸದ್ಯಕ್ಕೆ ನನ್ನ ಒಲವು.

ಆದರೂ ಕೇಳುತ್ತೇನೆ: ಸೇನೆಯಲ್ಲಿ ದುಡಿದ ಕೊಡಗಿನವರೋ ಬೆಳಗಾವಿ ಕಡೆಯವರೋ ಇಲ್ಲಿದ್ದರೆ, ಊರಿಗೆ ಬಂದು ಕನ್ನಡದಲ್ಲಿ ಮಾತನಾಡುವಾಗ ಬೆಟಾಲಿಯನ್ನಿಗೆ ಏನನ್ನುತ್ತೀರಿ? ಹಿಂದಿಯ ‘ಪಲ್ಟನ್’ ನಿಮ್ಮ ಕನ್ನಡದಲ್ಲೂ ಉಳಿದಿದೆಯೇ?

ಜೊತೆಗೆ ಇನ್ನೊಂದು. ಸಮಾರಂಭಗಳಲ್ಲಿ ಈ ಸೈನಿಕರು ಕೆಂಪು ಅಂಗಿಯ ಕೆಳಗೆ ಬಿಳಿಯ ‘ಸುಲು’ ಧರಿಸುತ್ತಾರೆ. ಸೊಂಟದಿಂದ ಇಳಿಬಿದ್ದ ಬಟ್ಟೆ, ಕೆಳಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿರುತ್ತದೆ, ಕಾಲಿಗೆ ಚಪ್ಪಲಿ. ಚಿತ್ರದ ಅಡಿಬರಹದಲ್ಲಿ ‘ಲಂಗ’ ಎಂದು ಬರೆಯಲಾರೆ. ಹೊಲಿದ ಬಟ್ಟೆಯಾದ್ದರಿಂದ ‘ಪಂಚೆ’ಯೂ ಪೂರ್ತಿ ಒಗ್ಗದು. ‘ಸುಲು’ ಎಂದೇ ಬಿಟ್ಟು ಮುಂದೆ ಅರ್ಧ ವಾಕ್ಯದ ವಿವರಣೆ ಕೊಟ್ಟರೆ ಸಾಕೇ?